ಹಳದಿ ಮನೆ ಬಂದರೆ ಎಡಕ್ಕೆ

ಏಪ್ರಿಲ್ 4, ಶುಕ್ರವಾರ

ಕಣ್ಣಿನ ಡಾಕ್ಟರು ಇವತ್ತು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಇವರು ಇನ್ನು ಸ್ಟಿಯರಿಂಗ್ ಮುಟ್ಟಕೂಡದು. ಎರಡೂ ಕಣ್ಣಿನ ನಡುಭಾಗದ ನೋಟ ಹೋಗಿದೆ, ಅಂಚಿನದು ಮಾತ್ರ ಉಳಿದಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು. "ಹಾಗಂದ್ರೆ ಇವರಿಗೆ ಹೇಗೆ ಕಾಣತ್ತೆ ಡಾಕ್ಟ್ರೇ?" ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಇವರು, "ನಿನ್ನ ಕಡೆ ನೋಡಿದ್ರೆ ಕಿವಿ ಕಾಣತ್ತೆ, ಮುಖ ಕಾಣಲ್ಲ. ಅಂಥಾ ನಷ್ಟವೇನಿಲ್ಲ," ಎಂದರು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಹೊಲಿಗೆ ಮೆಷಿನ್ ರಿಪೇರಿ ಇವರ ಕಸುಬು. ಈ ಗುಡ್ಡಗಾಡು ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು ಇರುವ ಪುಟ್ಟ ಪೇಟೆಗಳಿಗೆಲ್ಲ ವ್ಯಾನಿನಲ್ಲಿ ಹೋಗಿ ದರ್ಜಿಗಳ ಮೆಷಿನ್ನು ಸರಿಮಾಡಿ ಬರುತ್ತಾರೆ. ವ್ಯಾನು ಓಡದಿದ್ದರೆ ಕಸುಬೂ ಇಲ್ಲ.

ಮನೆಗೆ ಬರುವಷ್ಟರಲ್ಲಿ ಅಕ್ಕನ ಫೋನು. "ಇನ್ನೇನು ನೋಡ್ತೀಯಾ, ಹೊರಟು ಬನ್ನಿ. ಕೆಳಗಿನ ರೂಮು ಖಾಲಿ ಇದೆ. ನಿಮ್ಮ ಭಾವ ಬಣ್ಣನೂ ಹೊಡೆಸಿದಾರೆ." ಮದುವೆಯಾಗಿ ಈ ಮೂಲೆಗೆ ಬಂದಾಗಿನಿಂದ ನಾನು ಜಪಿಸುತ್ತಿರುವುದು ಅದನ್ನೇ. ನಗರಕ್ಕೆ ಹೋಗೋಣ, ನಗರಕ್ಕೆ ಹೋಗೋಣ. ಇಲ್ಲಿ ಏನಿದೆ? ಒಂದು ಗುಡ್ಡ, ಅದರ ಹಿಂದೆ ಇನ್ನೊಂದು ಗುಡ್ಡ. ಕೊನೆಗೂ ದೇವರು ಕಣ್ಣು ಬಿಟ್ಟ ಎನ್ನೋಣವೆಂದರೆ ಬಿಟ್ಟದ್ದು ಇವರ ಕಣ್ಣು ಕಿತ್ತುಕೊಂಡು.

ಶಾಲೆ ಶುರುವಾಗುವ ಮೊದಲಿನ ಈ ಎರಡು ತಿಂಗಳು ದರ್ಜಿಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅವರನ್ನು ನಡುನೀರಿನಲ್ಲಿ ಕೈಬಿಡಲಾರೆ ಎಂದು ಇವರು. ಸರಿ, ಮೇ ಕೊನೆಯವರೆಗೆ ನಾನು ವ್ಯಾನು ಓಡಿಸುತ್ತೇನೆ, ಆಮೇಲೆ ನಗರ ಎಂದು ನಾನು. "ಆಯ್ತು," ಎಂದರು. ಇಷ್ಟು ಬೇಗ ಇವರು ಒಪ್ಪಿದ್ದು ನಮ್ಮ ಸಂಸಾರದಲ್ಲೇ ಮೊದಲು.

ಏಪ್ರಿಲ್ 7, ಸೋಮವಾರ

ನನ್ನ ಬಳಿ ಲೈಸೆನ್ಸ್ ಇದೆ, ಡ್ರೈವಿಂಗ್ ಇಲ್ಲ. ಎಂದೋ ಹಟಕ್ಕೆ ಕಲಿತದ್ದು, ಅದೂ ಬಯಲಿನಲ್ಲಿ. ಇಲ್ಲಿಯ ರಸ್ತೆ ಕರುಳಿನ ಹಾಗೆ ಸುತ್ತಿಕೊಂಡಿದೆ. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿಹಿಡಿದು ನನ್ನ ಇಡೀ ವಂಶವನ್ನು ನೆನೆಸಿಕೊಂಡ. ಇವರು ಪಕ್ಕದಲ್ಲಿ ಕೈಕಟ್ಟಿ ಕೂತು, "ಎರಡನೇ ಗೇರು... ಈಗ ಏರು ಬರತ್ತೆ... ಬಂತಾ?" ಎಂದು ಪಾಠ ಒಪ್ಪಿಸುತ್ತಿದ್ದರು. ದಾರಿಯೆಲ್ಲ ಬಾಯಿಪಾಠ ಇವರಿಗೆ.

ದೊಡ್ಡ ಕೆರೆಯ ಪಕ್ಕ ಹೋಗುವಾಗ, "ಕೆರೆ ಇವತ್ತು ಹೇಗಿದೆ?" ಎಂದು ಕೇಳಿದರು.

"ನೀರಿದೆ," ಎಂದೆ.

ನಾನು ನೋಡಿದ್ದು ರಸ್ತೆಯ ನಡುವಿನ ಬಿಳಿ ಗೆರೆಯೊಂದನ್ನೇ. ಬೆರಳು ಈಗಲೂ ಸ್ಟಿಯರಿಂಗ್ ಹಿಡಿದ ಹಾಗೇ ಮಡಚಿಕೊಂಡಿವೆ.

ಏಪ್ರಿಲ್ 11, ಶುಕ್ರವಾರ

ಇವತ್ತು ಗಡಿಯಾರದ ಪೇಟೆ. ನಡುಬೀದಿಯಲ್ಲಿ ಗಡಿಯಾರದ ಗೋಪುರ ಇರುವುದರಿಂದ ಆ ಹೆಸರು. ಅದು ತೋರಿಸುವ ಹೊತ್ತನ್ನು ಅಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿಯ ದರ್ಜಿ ಹೆಂಗಸಿಗೆ ಕತ್ತರಿಯಮ್ಮ ಎಂದೇ ಹೆಸರು, ಕೊರಳಿಗೆ ದಾರ ಕಟ್ಟಿ ಕತ್ತರಿ ನೇತುಹಾಕಿಕೊಂಡಿರುತ್ತಾಳೆ. ಅವಳ ಮೆಷಿನ್ನು ಎರಡು ಹೊಲಿಗೆ ಹಾಕಿದರೆ ಒಂದು ಬಿಡುತ್ತಿತ್ತು. ಸೂಜಿ ಬದಲಾಯಿಸಿ ಬದಲಾಯಿಸಿ ಸಾಕಾಗಿ ಕೂತಿದ್ದಳು.

ಇವರು ಕಣ್ಣು ಮುಚ್ಚಿಕೊಂಡರು. ಎಡಗೈಯನ್ನು ಮೆಷಿನ್ನಿನ ಮೈಮೇಲೆ ಇಟ್ಟು, ಬಲಗೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸಿದರು, ಮಗುವಿನ ಜ್ವರ ನೋಡುವವರ ಹಾಗೆ. "ಸೂಜಿ ತಪ್ಪಿಲ್ಲ. ಕೆಳಗಡೆ ನೂಲಿನ ಚೂರು ಸಿಕ್ಕಿಕೊಂಡಿದೆ," ಎಂದರು. ತಗಡು ಬಿಚ್ಚಿದರೆ ಉಗುರಿನಷ್ಟು ಕೆಂಪು ನೂಲು ಅಲ್ಲೇ ಇತ್ತು. "ಯಜಮಾನ್ರು ಬಂದ್ರೆ ಸಾಕಮ್ಮ, ತವರಿನವರು ಬಂದ ಹಾಗೆ ಮೆಷಿನ್ನು ತೆಪ್ಪಗಾಗತ್ತೆ," ಎಂದಳು ಕತ್ತರಿಯಮ್ಮ. ಸೂಜಿಗೆ ದಾರ ಪೋಣಿಸಲು ಮಾತ್ರ ನಾನು ಬೇಕಾಯಿತು.

ಇಷ್ಟು ವರ್ಷ ಇವರ ದುಡಿಮೆಯಲ್ಲಿ ಊಟ ಮಾಡಿದೆ. ಇವರು ಕೆಲಸ ಮಾಡುವುದನ್ನು ಕೂತು ನೋಡಿದ್ದು ಇವತ್ತೇ. ಎಷ್ಟು ಚೆಂದ ಮಾಡುತ್ತಾರೆ! ಹೇಳಿದರೆ ತಲೆಯ ಮೇಲೆ ಕೂರುತ್ತಾರೆ, ಅದಕ್ಕೇ ಹೇಳಲಿಲ್ಲ.

ಏಪ್ರಿಲ್ 15, ಮಂಗಳವಾರ

ಬೆನ್ನು ನೋವು. ಸೇತುವೆ ಪೇಟೆಗೆ ಹೋಗಿ ಬಂದದ್ದು. ಹೊಳೆ ಇದೆ ಅಲ್ಲಿ.

ಏಪ್ರಿಲ್ 19, ಶನಿವಾರ

ಇವತ್ತಿನದನ್ನು ಬರೆಯಲೇಬೇಕು.

ಗುಡ್ಡದ ಮೇಲಿನ ಊರಿಗೆ ಇವತ್ತೇ ಮೊದಲ ಸಲ ನಾನು ಹೋಗಿದ್ದು. "ಹಳದಿ ಮನೆ ಬಂದ್ರೆ ಎಡಕ್ಕೆ ತಿರುಗಿಸು," ಎಂದಿದ್ದರು. ನೋಡುತ್ತಲೇ ಹೋದೆ. ಹಳದಿ ಮನೆ ಬರಲೇ ಇಲ್ಲ. ರಸ್ತೆ ಕಿರಿದಾಯಿತು, ಮಣ್ಣಾಯಿತು, ಕೊನೆಗೆ ಕಲ್ಲು ಕ್ವಾರಿಯ ಬಾಯಿಗೆ ಹೋಗಿ ನಿಂತಿತು. ಎದುರಿಂದ ಕಲ್ಲು ತುಂಬಿದ ಲಾರಿ, ಪಕ್ಕದಲ್ಲಿ ಕಣಿವೆ. ಅತ್ತ ದರಿ ಇತ್ತ ಪುಲಿ ಎನ್ನುವ ಮಾತನ್ನು ಮೊದಲು ಹೇಳಿದವನು ಇಲ್ಲೇ ಎಲ್ಲೋ ಗಾಡಿ ಓಡಿಸಿರಬೇಕು. ಲಾರಿಯವನೇ ಇಳಿದು ನನ್ನ ಸೀಟಿನಲ್ಲಿ ಕೂತು ವ್ಯಾನನ್ನು ಹಿಂದಕ್ಕೆ ತೆಗೆದುಕೊಟ್ಟ.

"ಹಳದಿ ಮನೆ ಬಿಟ್ಟು ಬಂದಿದೀಯ," ಎಂದರು ಇವರು.

"ಹಳದಿ ಮನೆ ಇದ್ರೆ ತಾನೇ ಬಿಡೋಕೆ! ಕಣ್ಣು ಕಾಣದವರು ನೀವೋ ನಾನೋ?"

ಬಾಯಿ ತಪ್ಪಿ ಬಂತು.

ವಾಪಸು ಬರುವಾಗ ಕವಲುದಾರಿಯಲ್ಲಿ ಒಬ್ಬಾಕೆ ಬೇಲಿಯ ಮೇಲೆ ಕಂಬಳಿ ಒಣಹಾಕುತ್ತಿದ್ದಳು. ಗಾಡಿ ನಿಲ್ಲಿಸಿ ಕೇಳಿದೆ. "ಹಳದೀನಾ? ಇದೇ ಮನೆ ಕಣಮ್ಮ. ಮಗಳ ಮದುವೆಗೆ ಅಂತ ನೀಲಿ ಹೊಡೆಸಿದ್ವಲ್ಲ, ಆಗಲೇ ಎರಡು ವರ್ಷ ಆಯ್ತು. ಯಜಮಾನ್ರಿಗೆ ಗೊತ್ತಲ್ಲ! ವಾರ ವಾರ ಇಲ್ಲೇ ಹೋಗ್ತಾ ಕೈ ಬೀಸ್ತಾರೆ."

ನಾನು ಇವರ ಮುಖ ನೋಡಿದೆ. ಇವರು ಕಾಣದ ಕಣ್ಣನ್ನು ಕಿಟಕಿಯ ಆಚೆಗೆ ತಿರುಗಿಸಿಕೊಂಡರು.

ಎರಡು ವರ್ಷ! ಎದುರಿಗಿರುವುದು ಕಾಣದೆ, ಬಣ್ಣ ತಿಳಿಯದೆ, ನೆನಪಿನ ಮೇಲೆ ಗಾಡಿ ಓಡಿಸಿದ್ದಾರೆ. ಈ ತಿರುವುಗಳಲ್ಲಿ. ಶಾಲೆಯ ಮಕ್ಕಳು ದಾಟುವ ರಸ್ತೆಗಳಲ್ಲಿ. ನಾನು ಮನೆಯಲ್ಲಿ ಕೂತು ನಗರ ನಗರ ಎಂದು ಗೊಣಗುತ್ತಿದ್ದೆ.

ಏಪ್ರಿಲ್ 20, ಭಾನುವಾರ

ಬೆಳಗಿನಿಂದ ಮಾತು ಬಿಟ್ಟಿದ್ದೆ. ಮಧ್ಯಾಹ್ನ ತಡೆಯಲಾಗದೆ ಕೂಗಾಡಿದೆ. ಯಾರಾದರೂ ಅಡ್ಡ ಬಂದಿದ್ದರೆ ಏನು ಗತಿ ಎಂದು ಕೇಳಿದೆ. ಇವರು ತಲೆತಗ್ಗಿಸಿಕೊಂಡು ಹೇಳಿದರು: "ಬಂದಿದ್ದ. ಹೋದ ತಿಂಗಳು. ಸೈಕಲ್ಲಿನವನು. ಕೂದಲೆಳೆಯಲ್ಲಿ ತಪ್ಪಿತು. ಅವನು ಬೈದ ಮೇಲೇ ಗೊತ್ತಾಗಿದ್ದು ಅಲ್ಲೊಬ್ಬ ಇದ್ದ ಅಂತ. ಮಾರನೇ ದಿನವೇ ಡಾಕ್ಟರ ಹತ್ರ ಹೋಗೋಣ ಅಂದಿದ್ದು ಅದಕ್ಕೇ."

"ಎರಡು ವರ್ಷ ಯಾಕ್ರೀ ಮುಚ್ಚಿಟ್ರಿ?"

"ಹೇಳಿದ್ರೆ ನೀನು ನಗರಕ್ಕೆ ಹೋಗೋಣ ಅಂತಿದ್ದೆ."

ಅನ್ನುತ್ತಿದ್ದೆ. ಅದೇ ದಿನ ಪೆಟ್ಟಿಗೆ ಕಟ್ಟುತ್ತಿದ್ದೆ. ಈ ಗುಡ್ಡ, ಈ ಪೇಟೆಗಳನ್ನು ಬಿಟ್ಟು ಹೋಗಬೇಕಾಗುತ್ತದೆಂದು ಮನುಷ್ಯ ಜೀವ ಪಣಕ್ಕಿಟ್ಟಿದ್ದಾನೆ, ತನ್ನದು ಸಾಲದೆಂದು ಊರಿನವರದ್ದೂ. ಕ್ಷಮಿಸಲಾರೆ ಎಂದು ಹೇಳಿದೆ. ಅಂಥಾದ್ದು ಏನಿದೆ ಇಲ್ಲಿ ಎಂದೂ ಕೇಳಿದೆ.

ಏಪ್ರಿಲ್ 28, ಸೋಮವಾರ

ಇವರ ತಲೆಯಲ್ಲಿರುವ ಜಿಲ್ಲೆ ಹಳಸಿದೆ. ಸೇತುವೆಯ ತುದಿಯಲ್ಲಿ ದೊಡ್ಡ ಮರವಿದೆ ಎನ್ನುತ್ತಾರೆ, ಅಲ್ಲಿ ಬರೀ ಬೊಡ್ಡೆ ಇದೆ. ಅಂಚೆ ಕಚೇರಿ ಕೆಂಪು ಎನ್ನುತ್ತಾರೆ, ಅದು ಬೂದಿ ಬಣ್ಣ. ಇವರು ಹೇಳಿದಂತೆ ಓಡಿಸಿದರೆ ಇನ್ನೊಂದು ಕ್ವಾರಿಗೆ ಹೋಗಬೇಕಾದೀತು. ಹಾಗಾಗಿ ದಾರಿಯುದ್ದಕ್ಕೂ ಏನೇನು ಹೇಗಿದೆ ಎಂದು ನಾನೇ ಹೇಳಿಕೊಂಡು ಹೋಗುತ್ತಿದ್ದೇನೆ. ಸುಮ್ಮನೆ ಅನುಕೂಲಕ್ಕೆ.

ಬೊಡ್ಡೆಯ ಸುತ್ತ ಹೊಸ ಚಿಗುರೆದ್ದಿದೆ ಎಂದೆ. "ಎಷ್ಟೆತ್ತರ?" ಎಂದು ಕೇಳಿದರು. ಇಳಿದು ನೋಡಬೇಕಾಯಿತು. ಮೊಣಕಾಲಿನವರೆಗೆ ಇತ್ತು. ಅಂಚೆ ಕಚೇರಿಯ ಬೂದಿ ಬಣ್ಣ ಎಂಥದ್ದು ಎಂದರು. ಒಗೆದೂ ಒಗೆದೂ ಬಿಳಿಯಾಗದ ಬನಿಯನ್ನಿನದು ಎಂದೆ. ನಕ್ಕರು. ಆ ಭಾನುವಾರದ ಜಗಳದ ನಂತರ ಮೊದಲ ನಗು. ನಾನಿನ್ನೂ ಕ್ಷಮಿಸಿಲ್ಲ.

ಕೆರೆಯ ಆಚೆ ದಡದ ಇಳಿಜಾರಿನಲ್ಲಿ ಮೂರು ಬಂಡೆಗಳಿವೆ, ಇಷ್ಟು ದಿನ ಗಮನಿಸಿರಲಿಲ್ಲ. ಎರಡು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ, ನಡುವಿನದು ಕುಗ್ಗಿಹೋಗಿದೆ. ಅತ್ತೆ, ಸೊಸೆ, ಮಧ್ಯೆ ಸಿಕ್ಕ ಗಂಡ ಎಂದೆ.

ಮೇ 5, ಸೋಮವಾರ

ಕೆರೆಯ ಮೇಲಿನ ದಿಣ್ಣೆ ಹತ್ತುವಾಗ ಇಂಜಿನ್ ಬಿಸಿಯಾದಂತಿತ್ತು. ನಿಲ್ಲಿಸಿದೆವು. ಆರಲಿ ಎಂದು ಹೊರಗೆ ಕೂತೆವು. ಗಾಳಿ ಇರಲಿಲ್ಲ. ಇಡೀ ಗುಡ್ಡಸಾಲು ಕೆರೆಯೊಳಗೆ ತಲೆಕೆಳಗಾಗಿ ನಿಂತಿತ್ತು, ಒಂದು ಸುಕ್ಕಿಲ್ಲ. ಒಂದು ಬಾತುಕೋಳಿ ನಡುವೆ ಈಜಿಕೊಂಡು ಹೋಯಿತು, ಅದರ ಹಿಂದೆ ಗುಡ್ಡಗಳು ಅಲುಗಾಡಿ ಮತ್ತೆ ಜೋಡಿಕೊಂಡವು. ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ ಯಾರೋ ಬೆರಳು ಎಳೆದ ಹಾಗೆ ಎಂದು ಇವರಿಗೆ ಹೇಳಿದೆ. ತುಂಬ ಹೊತ್ತು ಹೇಳಿದೆ ಎಂದು ಕಾಣುತ್ತದೆ, ಬುತ್ತಿಯ ಬ್ರೆಡ್ಡು ಒಣಗಿಹೋಗಿತ್ತು.

ಮೇ 6, ಮಂಗಳವಾರ

ಇವತ್ತೂ ಇಂಜಿನ್ ಬಿಸಿ. ಅದೇ ಜಾಗದಲ್ಲಿ.

ಮೇ 14, ಬುಧವಾರ

ಅಕ್ಕ ರೂಮಿನ ಫೋಟೋ ಕಳಿಸಿದ್ದಾಳೆ. ಚೊಕ್ಕಟವಾಗಿದೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಬಿಸಿಲು ಬರುವುದಿಲ್ಲವಂತೆ. ಒಳ್ಳೆಯದೇ, ಪರದೆಯ ಬಣ್ಣ ಹೋಗುವುದಿಲ್ಲ. ಆಸ್ಪತ್ರೆ, ಅಂಗಡಿ ಎಲ್ಲವೂ ಕಾಲ್ನಡಿಗೆಯ ದೂರ. ಇನ್ನೇನು ಬೇಕು? ಇವರಿಗೆ ಎಲ್ಲ ವಿವರಿಸಿದೆ. ಆದರೆ ಗೋಡೆಯ ಬಗ್ಗೆ ಎಷ್ಟು ಹೊತ್ತು ಹೇಳಲಾದೀತು? ಒಂದೇ ವಾಕ್ಯಕ್ಕೆ ಮುಗಿಯಿತು.

ಅಕ್ಕನಿಗೆ "ಚೆನ್ನಾಗಿದೆ" ಎಂದು ಮೆಸೇಜ್ ಹಾಕಿದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ನಮ್ಮ ಮೇಲಿನ ಊರಿನ ಗುಡ್ಡವನ್ನು ಹತ್ತಿರದಿಂದ ನೋಡಿಲ್ಲ. ಹತ್ತಿರ ಹೋದಷ್ಟೂ ಚೆಂದ ಅದು. ಬಂಡೆಯ ಸಂದುಗಳಲ್ಲೆಲ್ಲ ಈಗ ಬಿಳಿ ಹೂವು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಬಗ್ಗಿದರೆ ಮಾತ್ರ ಕಾಣುತ್ತವೆ.

ಮೇ 21, ಬುಧವಾರ

ದರ್ಜಿಗಳ ಸುಗ್ಗಿ. ಗಡಿಯಾರದ ಪೇಟೆಯಲ್ಲಿ ಮನೆಮನೆಯಲ್ಲೂ ಮೆಷಿನ್ನಿನ ಸದ್ದು, ಬೀದಿಯಲ್ಲಿ ನಿಂತರೆ ಮಳೆ ಬಂದ ಹಾಗೆ ಕೇಳುತ್ತದೆ. ಇವರು ಬಿಚ್ಚುತ್ತಾರೆ, ನಾನು ಒರೆಸುತ್ತೇನೆ. ಇವರು ಜೋಡಿಸುತ್ತಾರೆ, ನಾನು ದಾರ ಪೋಣಿಸಿ ಚಿಂದಿಬಟ್ಟೆಯ ಮೇಲೆ ಹೊಲಿದು ನೋಡುತ್ತೇನೆ. ಇವತ್ತು ಒಂದು ಮೆಷಿನ್ನನ್ನು ಇವರು ಸರಿಯಾಯಿತು ಎಂದರು. ನನಗೆ ಸದ್ದು ಸ್ವಲ್ಪ ಒರಟು ಎನ್ನಿಸಿತು, ಹೇಳಿದೆ. ಮತ್ತೆ ಕೈಯಿಟ್ಟು ನೋಡಿ, "ಹೌದು ಕಣೇ," ಎಂದು ಇನ್ನೊಂದು ಹನಿ ಎಣ್ಣೆ ಬಿಟ್ಟರು. ಕತ್ತರಿಯಮ್ಮ, "ಈಗ ಇಬ್ಬರು ರಿಪೇರಿಯವರು ಬಂದ ಹಾಗಾಯ್ತು," ಎಂದಳು.

ವಾಪಸು ಬರುವಾಗ ಇವರು ನಿದ್ದೆಹೋದರು. ಏರು, ತಿರುವು, ಬಸ್ಸು, ಎಲ್ಲವೂ ಬಂದು ಹೋದವು. ಇವರಿಗೆ ಎಚ್ಚರವಾಗಲಿಲ್ಲ.

ಮೇ 29, ಗುರುವಾರ

ಬ್ರೆಡ್ಡು ತರಲು ಬೇಕರಿಗೆ ಹೋಗಿದ್ದೆ. ಬೇಕರಿಯವನು ಕಟ್ಟಿಕೊಡುತ್ತಾ, "ಅಮ್ಮಾ, ವ್ಯಾನಿನ ಒಳಗೆ ಟ್ರೇ ಇಡೋಕೆ ಹಲಗೆ ಹೊಡೆಸ್ಬೇಕು, ಅಳತೆ ತಗೋಬಹುದಾ?" ಎಂದ. ಯಾವ ವ್ಯಾನು ಎಂದೆ. ನಿಮ್ಮದೇ ಎಂದ. ಯಜಮಾನರು ಕೊಡುತ್ತೇನೆಂದು ಮಾತು ಕೊಟ್ಟಿದ್ದಾರಂತೆ. ಶನಿವಾರ ಓಡಿಸಿ ನೋಡಲು ಬರುತ್ತಾನಂತೆ. ಅಕ್ಕನಿಗೂ ಫೋನು ಮಾಡಿ ಮುಂದಿನ ವಾರ ಬರುತ್ತೇವೆ ಎಂದಿದ್ದಾರೆ, ಅದನ್ನು ಅಕ್ಕನೇ ಸಂಜೆ ಸಂಭ್ರಮದಿಂದ ಹೇಳಿದಳು.

ಇದೇ ತಾನೇ ಒಪ್ಪಂದ? ಮೇ ಮುಗಿಯಿತು. ನಾನೇ ಹಾಕಿದ ಷರತ್ತು. ಮತ್ತೆ ಯಾಕೆ ಸಿಟ್ಟು ಬಂತೋ ಕಾಣೆ. ನನ್ನನ್ನು ಒಂದು ಮಾತು ಕೇಳಬಹುದಿತ್ತು, ಅದಕ್ಕೇ ಇರಬೇಕು. ಇವರನ್ನು ಕೇಳಿದೆ. "ಮೇ ಮುಗೀತಲ್ಲ, ಇನ್ನು ನೆಪ ಹೇಳ್ಕೊಂಡು ಎಳೆಯೋದು ಬೇಡ ಅಂತ. ಒಂದು ಸಲ ಎಳೆದಿದ್ದು ಸಾಕು," ಎಂದರು. ಊಟ ಬಡಿಸಿದೆ. ಉಪ್ಪು ಹಾಕಿರಲಿಲ್ಲ, ಇಬ್ಬರೂ ಹೇಳಲಿಲ್ಲ.

ಮೇ 31, ಶನಿವಾರ

ಬೇಕರಿಯವನು ಬೆಳಿಗ್ಗೆಯೇ ತಲೆಬಾಚಿಕೊಂಡು ಬಂದ. ಒಳ್ಳೆಯ ಮನುಷ್ಯ, ಅದೇ ಕಷ್ಟ. ನಾನು ವ್ಯಾನಿನ ದೋಷಗಳನ್ನೆಲ್ಲ ಹೇಳತೊಡಗಿದೆ. ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತದೆ, ವೈಪರು ತನಗೆ ಬೇಕಾದಾಗ ತಿರುಗುತ್ತದೆ, ಚಳಿಯಲ್ಲಿ ಮೂರು ಸಲ ಕೆಮ್ಮಿದ ಮೇಲೇ ಶುರುವಾಗುತ್ತದೆ. "ಗಾಡಿಗೆ ವಯಸ್ಸಾದ್ರೆ ಇವೆಲ್ಲಾ ಇದ್ದಿದ್ದೇ ಅಮ್ಮ," ಎಂದು ಎಲ್ಲಕ್ಕೂ ನಕ್ಕ. ದಾರಿ ತೋರಿಸಲು ಇವರು ಅವನ ಪಕ್ಕ ಕೂತರು. ಮುಂದೆ ಎರಡೇ ಸೀಟು. ನಾನು ಹಿಂದೆ ಹತ್ತಿ, ಎಣ್ಣೆ ಡಬ್ಬಿಗಳ ನಡುವೆ ಸ್ಟೂಲಿನ ಮೇಲೆ ಕೂತೆ.

ಹಿಂದುಗಡೆ ಕಿಟಕಿಯಿಲ್ಲ. ಸುತ್ತ ತಗಡು. ಗಾಡಿ ಎಲ್ಲಿ ಹೋಗುತ್ತಿದೆ, ಎತ್ತ ತಿರುಗಿತು ಒಂದೂ ತಿಳಿಯುವುದಿಲ್ಲ. ಈ ಹದಿನೈದು ವರ್ಷದ ವ್ಯಾನಿನಲ್ಲಿ ನಾನು ಕುರುಡಿಯಾಗಿ ಕೂತದ್ದು ಇದೇ ಮೊದಲು. ನಡುವಿನ ತಗಡಿನ ಕಿಂಡಿಯಿಂದ ಇವರ ಮಾತು ಮಾತ್ರ ಕೇಳುತ್ತಿತ್ತು.

"ನಿಧಾನ. ಈಗ ಸೇತುವೆ. ಆ ತುದೀಲಿ ಒಂದು ಬೊಡ್ಡೆ ಇದೆ ನೋಡಿ, ಚಿಗುರು ಈಗ ಸೊಂಟದವರೆಗೆ ಬಂದಿದೆ. ಏಪ್ರಿಲ್‌ನಲ್ಲಿ ಮೊಣಕಾಲಿನವರೆಗೆ ಇತ್ತು."

"ಓ, ಹೌದಲ್ಲ! ನಾನು ನೋಡೇ ಇರಲಿಲ್ಲ," ಎಂದ ಬೇಕರಿಯವನು.

"ಬಲಗಡೆ ಅಂಚೆ ಕಚೇರಿ. ಬನಿಯನ್ ಬಣ್ಣ." ಅವನು ಗಹಗಹಿಸಿ ನಕ್ಕ. "ಈಗ ಕೆರೆ ಬರತ್ತೆ. ಗಾಳಿ ಇಲ್ಲ ಇವತ್ತು, ಗುಡ್ಡ ಎಲ್ಲಾ ನೀರೊಳಗೇ ಇರತ್ತೆ. ಬಾತುಕೋಳಿ ಹೋದ್ರೆ ಸುಮ್ನೆ ನೋಡ್ತಾ ಇರಿ, ಗುಡ್ಡ ಅಲುಗಾಡಿ ಮತ್ತೆ ಕೂಡಿಕೊಳ್ಳತ್ತೆ. ಆಚೆ ದಡದಲ್ಲಿ ಮೂರು ಬಂಡೆ ಕಾಣ್ತಾ? ಅತ್ತೆ, ಸೊಸೆ. ಮಧ್ಯದವನು ನಾನು."

ಒಂದೊಂದು ಮಾತೂ ನನ್ನದು. ನಾನು ಹೇಳಿ ಮರೆತದ್ದನ್ನೆಲ್ಲ ಇವರು ಒಂದು ಚೂರೂ ಬಿಡದೆ ಎತ್ತಿಟ್ಟುಕೊಂಡಿದ್ದಾರೆ. ತಗಡಿನ ಕತ್ತಲೆಯಲ್ಲಿ ಕೂತ ನನಗೆ ಕೆರೆ ಕಂಡಿತು, ಬಂಡೆ ಕಂಡಿತು, ಮೇಲಿನ ಊರಿನ ಸಾಸಿವೆಯಂಥ ಬಿಳಿ ಹೂವೂ ಕಂಡಿತು. ಎಂಥಾ ಚೆಂದದ ಸೀಮೆ ಇದು! ಇದನ್ನು ಬಿಟ್ಟು ಆ ಗೋಡೆಯ ಎದುರು ಕೂತು ನಾನು ಇವರಿಗೆ ಏನು ಹೇಳಲಿ? ಅಳು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತೆ, ಆಮೇಲೆ ಎರಡೂ ಕೈಯಲ್ಲಿ ತಗಡು ಬಡಿದೆ.

ಗಾಡಿ ಗಕ್ಕನೆ ನಿಂತಿತು. ಬೇಕರಿಯವನು ಗಾಬರಿಯಿಂದ ಬಂದು ಹಿಂಬಾಗಿಲು ತೆರೆದ. "ಏನಾಯ್ತಮ್ಮಾ? ಎಣ್ಣೆ ಚೆಲ್ತಾ?"

"ಗಾಡಿ ಕೊಡಲ್ಲಪ್ಪ," ಎಂದೆ. "ತಪ್ಪು ತಿಳ್ಕೋಬೇಡ. ನೀನು ಓಡಿಸೋದ್ರಲ್ಲಿ ಏನೂ ಕೊರತೆ ಇಲ್ಲ."

ಅವನು ನನ್ನ ಮುಖ ನೋಡಿದ, ಇವರ ಕಡೆ ನೋಡಿದ. ಆಮೇಲೆ ಕೀಲಿಯನ್ನು ನನ್ನ ಕೈಗಿಟ್ಟು, "ಕೆರೆ ನೋಡಿ ಎಷ್ಟು ದಿನ ಆಗಿತ್ತೋ," ಎಂದು ರಸ್ತೆಯಂಚಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಅಷ್ಟು ಒಳ್ಳೆಯವನಿಗೆ ಬೇರೆ ವ್ಯಾನು ಸಿಕ್ಕೇ ಸಿಗುತ್ತದೆ.

ಇವರು ಇಳಿದು, ವ್ಯಾನಿನ ಮೈಮೇಲೆ ಕೈಯಾಡಿಸಿಕೊಂಡು ನನ್ನ ದನಿಯಿದ್ದ ಕಡೆ ಬಂದರು. ತಲೆಯನ್ನು ಪಕ್ಕಕ್ಕೆ ವಾಲಿಸಿ ಕಣ್ಣಂಚಿನಿಂದ ನನ್ನನ್ನು ಹಿಡಿಯಲು ನೋಡಿದರು.

"ನಿನಗೋಸ್ಕರವೇ ಕೊಡೋಕೆ ಹೊರಟಿದ್ದೆ ಕಣೇ."

"ಯಾರು ಕೇಳಿದ್ರು ನಿಮ್ಮನ್ನ?"

"ನೀನೇ. ಮದುವೆ ಆದಾಗಿಂದ."

"ಈಗ ಕೇಳ್ತಾ ಇಲ್ಲ," ಎಂದೆ.